ಬುದ್ಧಿ ಯಾರಪ್ಪನ ಆಸ್ತಿ?

ನಾನು ಹುಡುಗನಾಗಿದ್ದಾಗ ನಮ್ಮೂರ ಶಾಲೆಯಲ್ಲಿ ಹಟ್ಟಿಯ ಮಕ್ಕಳು ಪಾಠ ಒಪ್ಪಿಸಲಾರದೆ ನಿಂತರೆ ಮೇಷ್ಟ್ರು ಬೆತ್ತವನ್ನು ಮೇಜಿನ ಮೇಲಿಟ್ಟು, "ಕೂತ್ಕಳ್ಳೋ, ಅದು ರಕ್ತದಲ್ಲೇ ಬರಬೇಕು" ಅಂದುಬಿಡುತ್ತಿದ್ದರು. ಅವರ ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ, ಒಂಥರಾ ಕನಿಕರ ಇರುತ್ತಿತ್ತು. ಬೈದಿದ್ದರೆ ನಾಳೆ ಕಲಿತು ಬಂದು ತೋರಿಸಬಹುದಿತ್ತು. ರಕ್ತವನ್ನು ಏನು ಮಾಡೋದು?

ಈಚೆಗೆ ಶಿಕ್ಷಕರ ತರಬೇತಿಯೊಂದರಲ್ಲಿ ಊಟಕ್ಕೆ ಕೂತಾಗ ಅದೇ ಮಾತು ಹೊಸ ಬಟ್ಟೆ ಹಾಕಿಕೊಂಡು ಬಂತು. ಮೀಸಲಾತಿಯ ಮೇಲೆ ಮಾತು ಎದ್ದಿತ್ತು. ವಿಜ್ಞಾನ ಓದಿದ ಒಬ್ಬ ಚಿಕ್ಕ ವಯಸ್ಸಿನ ಮೇಷ್ಟ್ರು ಫೋನಿನಲ್ಲಿ ಸುದ್ದಿಯೊಂದನ್ನು ತೋರಿಸಿ, "ನೋಡಿ ಸಾರ್, ಬುದ್ಧಿಗೂ ಜೀನ್ ಇದಾವಂತೆ. ಸಾವಿರಾರು ಸಿಕ್ಕಿವೆಯಂತೆ. ಇನ್ನು ಮೆರಿಟ್ ಬಗ್ಗೆ ವಾದ ಮಾಡೋದೇನಿದೆ?" ಅಂದರು. ಸುದ್ದಿ ಸುಳ್ಳಲ್ಲ. ಸಾವಿರಾರು ಸಿಕ್ಕಿರುವುದು ನಿಜ. ಆದರೆ ಏನು ಸಿಕ್ಕಿದೆ, ಯಾರ ಮೈಯಲ್ಲಿ ಸಿಕ್ಕಿದೆ, ಹುಡುಕಿದವರು ಏನನ್ನು ಅಳೆದರು ಎಂಬುದನ್ನು ಯಾರೂ ಕೇಳಲಿಲ್ಲ. ನನಗೂ ಆಗ ಹೇಳಲು ಬಾಯಿ ಬರಲಿಲ್ಲ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. 1869ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಶ್ರೀಮಂತ 'ಹೆರೆಡಿಟರಿ ಜೀನಿಯಸ್' ಎಂಬ ಪುಸ್ತಕ ಬರೆದ. ಈತ ಚಾರ್ಲ್ಸ್ ಡಾರ್ವಿನ್ನನ ಸೋದರ ಸಂಬಂಧಿ. ಇಂಗ್ಲೆಂಡಿನ ದೊಡ್ಡ ನ್ಯಾಯಾಧೀಶರು, ಮಂತ್ರಿಗಳು, ಸೇನಾಪತಿಗಳು, ವಿಜ್ಞಾನಿಗಳು, ಕವಿಗಳ ಪಟ್ಟಿ ಮಾಡಿ, ಅವರ ಅಪ್ಪ, ಮಗ, ಅಣ್ಣತಮ್ಮಂದಿರಲ್ಲಿ ಎಷ್ಟು ಮಂದಿ ದೊಡ್ಡವರಾಗಿದ್ದರು ಎಂದು ಎಣಿಸಿದ. ಬಹಳ ಮಂದಿ ಸಿಕ್ಕರು. ಸಿಗದೇ ಇರುತ್ತಾರೆಯೇ? ಅದರಿಂದ ಪ್ರತಿಭೆ ರಕ್ತದಲ್ಲಿ ಹರಿಯುತ್ತದೆ ಎಂದು ತೀರ್ಮಾನ ಬರೆದ. ಆ ಮನೆಗಳ ಜಮೀನು, ಆಳುಕಾಳು, ಕೇಂಬ್ರಿಜ್ಜಿನ ಸೀಟು, ದರಬಾರಿನ ಪರಿಚಯ ಇವ್ಯಾವುವೂ ಅವನ ಲೆಕ್ಕದ ದಾರಿಗೆ ಅಡ್ಡ ಬರಲಿಲ್ಲ.

ಗಾಲ್ಟನ್ನನ ಲೆಕ್ಕವನ್ನು ನಮ್ಮೂರಿಗೆ ತಂದು ನೋಡಿ. ಶಾನುಭೋಗರ ಮಗ ಶಾನುಭೋಗ, ಪಟೇಲರ ಮಗ ಪಟೇಲ, ತೋಟಿಯ ಮಗ ತೋಟಿ, ನೀರಗಂಟಿಯ ಮಗ ನೀರಗಂಟಿ. ತಲೆಮಾರುಗಟ್ಟಲೆ ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಅವನು ಎಣಿಸಿದ್ದರೆ ಶಾನುಭೋಗಿಕೆಯೂ ರಕ್ತದ ಗುಣ, ಸತ್ತ ದನ ಹೊರುವುದೂ ರಕ್ತದ ಗುಣ ಅಂತಲೇ ಬರೆಯುತ್ತಿದ್ದ. 1961ರಲ್ಲಿ ಗ್ರಾಮಾಧಿಕಾರಗಳನ್ನು ರದ್ದುಮಾಡುವ ಕಾನೂನು ಬಂತು. ಅಷ್ಟು ತಲೆಮಾರು ರಕ್ತದಲ್ಲಿ ಹರಿದ ಶಾನುಭೋಗಿಕೆ ಒಂದು ಸರ್ಕಾರಿ ಹಾಳೆಯ ಮುಂದೆ ಆವಿಯಾಗಿ ಹೋಯಿತು!

ಗಾಲ್ಟನ್ ಅಷ್ಟಕ್ಕೆ ಬಿಡಲಿಲ್ಲ. 1883ರಲ್ಲಿ 'ಯುಜೆನಿಕ್ಸ್' ಎಂಬ ಪದ ಕಟ್ಟಿದ. ಕನ್ನಡದಲ್ಲಿ ಸುಪ್ರಜನನ ಅನ್ನುತ್ತಾರೆ. ಒಳ್ಳೆಯ ತಳಿಯ ಮನುಷ್ಯರು ಹೆಚ್ಚು ಹಡೆಯಬೇಕು, ಕೆಟ್ಟ ತಳಿಯವರು ಹಡೆಯಬಾರದು. ಹಳ್ಳೀಕಾರ್ ಹೋರಿ ಆರಿಸುವ ಹಾಗೆ. ಆರಿಸುವವರು ಯಾರು ಅಂತ ಕೇಳಬೇಡಿ. ಇದನ್ನು ಸಾಹುಕಾರರು ಮಾತ್ರ ನಂಬಿದ್ದರು ಅಂದುಕೊಳ್ಳುವುದೂ ಬೇಡ. ಗಾಲ್ಟನ್ನನ ಪಟ್ಟಶಿಷ್ಯ ಕಾರ್ಲ್ ಪಿಯರ್‌ಸನ್ ತನ್ನನ್ನು ಸಮಾಜವಾದಿ ಅಂತಲೇ ಕರೆದುಕೊಂಡವನು.

ಬುದ್ಧಿ ಅಳೆಯುವ ಪರೀಕ್ಷೆ ಹುಟ್ಟಿದ್ದು ಬೇರೆ ಕಡೆ, ಬೇರೆ ಮನಸ್ಸಿನಿಂದ. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಎಂಬಾತ 1905ರಲ್ಲಿ ತನ್ನ ಜೊತೆಗಾರ ಸಿಮೋನ್ ಜೊತೆ ಸೇರಿ ಕೆಲವು ಪ್ರಶ್ನೆಗಳನ್ನು ಮಾಡಿದ. ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ, ಅವರಿಗೆ ಹೆಚ್ಚಿನ ಪಾಠ ಕೊಡಬೇಕೆಂಬುದು ಉದ್ದೇಶ. ಈ ಅಂಕ ಹುಟ್ಟಿನಿಂದ ಬಂದದ್ದನ್ನು ಹೇಳುವುದಿಲ್ಲ ಎಂದು ಅವನೇ ಎಚ್ಚರಿಸಿದ್ದ. ಬುದ್ಧಿ ಇಷ್ಟೇ, ಹೆಚ್ಚಲಾರದು ಎನ್ನುವವರನ್ನು 1909ರ ಪುಸ್ತಕದಲ್ಲಿ ಖಂಡಿಸಿ ಬರೆದ. ಹಿಂದುಳಿದ ಮಕ್ಕಳ ಗಮನ, ನೆನಪು ಬೆಳೆಸಲು ಸಾಮುಗಳನ್ನೂ ಕಟ್ಟಿದ್ದ. ಪಾಪ, 1911ರಲ್ಲಿ ತೀರಿಕೊಂಡ.

ಅವನ ಪರೀಕ್ಷೆ ಅಟ್ಲಾಂಟಿಕ್ ದಾಟಿದ್ದೇ ತಡ, ಮದ್ದು ವಿಷವಾಯಿತು. ನ್ಯೂಜೆರ್ಸಿಯ ಹೆನ್ರಿ ಗೊಡ್ಡಾರ್ಡ್ ಅದನ್ನು ಇಂಗ್ಲಿಷಿಗೆ ತಂದ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ತಿದ್ದಿ, ಬೆಳೆಸಿ, ಈಗ ನಮಗೆಲ್ಲ ಗೊತ್ತಿರುವ 'ಐಕ್ಯೂ' ಅಂಕವನ್ನು ಮನೆಮಾತು ಮಾಡಿದ. ಆ ಪುಸ್ತಕದಲ್ಲೇ ಟರ್ಮನ್ ಬರೆದಿದ್ದಾನೆ: ಅಮೆರಿಕದ ಮೂಲನಿವಾಸಿಗಳು, ಮೆಕ್ಸಿಕನ್ನರು, ಕರಿಯರ ಮಕ್ಕಳ ಮಂದಬುದ್ಧಿ ಜನಾಂಗದಿಂದಲೇ ಬಂದಂತೆ ಕಾಣುತ್ತದೆ, ಅವರನ್ನು ಬೇರೆ ತರಗತಿಗಳಲ್ಲಿ ಕೂರಿಸಬೇಕು ಎಂದು. ಬೇರೆ ಕೂರಿಸುವುದು! ನಮಗೆ ಹೊಸದೇನಲ್ಲ. ಶಾಲೆಯ ಜಗಲಿಯ ಮೇಲೆ ಕೂತು ಪಾಠ ಕೇಳಿದ ತಲೆಮಾರು ನಮ್ಮ ಮನೆಗಳಲ್ಲಿ ಇದೆಯಲ್ಲ.

ಆ ಕಾಲದ ಒಬ್ಬ ಹೆಣ್ಣುಮಗಳ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ಕ್ಯಾರಿ ಬಕ್. ವರ್ಜೀನಿಯಾ ರಾಜ್ಯದ ಬಡ ಬಿಳಿಯ ಹುಡುಗಿ. ತಾಯಿ ಎಮಾಳನ್ನು 'ಮಂದಬುದ್ಧಿ' ಎಂದು ಸರ್ಕಾರಿ ಆಶ್ರಮಕ್ಕೆ ಹಾಕಿದ್ದರು. ಕ್ಯಾರಿ ಬೇರೆಯವರ ಮನೆಯಲ್ಲಿ ಬೆಳೆದಳು, ಆ ಮನೆಯವರ ಸಂಬಂಧಿಕನೊಬ್ಬ ಬಲಾತ್ಕಾರ ಮಾಡಿದ, ಬಸುರಾದಳು. ಮನೆಯವರು ಮಾನ ಮುಚ್ಚಿಕೊಳ್ಳಲು ಅವಳನ್ನೂ ಮಂದಬುದ್ಧಿ ಎಂದು ತಾಯಿ ಇದ್ದ ಆಶ್ರಮಕ್ಕೇ ತಳ್ಳಿದರು. 1924ರಲ್ಲಿ ವರ್ಜೀನಿಯಾ ಇಂಥವರಿಗೆ ಸಂತಾನ ತಡೆಯ ಶಸ್ತ್ರಕ್ರಿಯೆ ಮಾಡುವ ಕಾನೂನು ತಂದಿತ್ತು. ಕಾನೂನು ನಿಲ್ಲುತ್ತದೋ ಇಲ್ಲವೋ ನೋಡಲು ಕ್ಯಾರಿಯನ್ನೇ ಮೊದಲ ಮೊಕದ್ದಮೆ ಮಾಡಿದರು. ಮೂರನೇ ತಲೆಮಾರೂ ಹಾಗೇ ಇದೆ ಎಂದು ತೋರಿಸಬೇಕಿತ್ತು. ಕ್ಯಾರಿಯ ಮಗು ವಿವಿಯನ್ನಳನ್ನು ಒಬ್ಬಾಕೆ ನೋಡಿ, ಏನೋ ಸರಿಯಿಲ್ಲದ ಹಾಗೆ ಕಾಣುತ್ತದೆ ಎಂದು ಸಾಕ್ಷಿ ಹೇಳಿದಳು. ಮಗುವಿಗೆ ಆಗ ಏಳು ತಿಂಗಳು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎಂಟಕ್ಕೆ ಒಂದು ಮತದಿಂದ ಕಾನೂನನ್ನು ಎತ್ತಿಹಿಡಿಯಿತು. ಮೂರು ತಲೆಮಾರು ಸಾಕು ಎಂಬರ್ಥದ ಮಾತನ್ನು ತೀರ್ಪಿನಲ್ಲಿ ಬರೆದ ನ್ಯಾಯಮೂರ್ತಿ ಹೋಮ್ಸ್ ಇಂದಿಗೂ ಆ ದೇಶದಲ್ಲಿ ದೊಡ್ಡ ಹೆಸರು. ಕ್ಯಾರಿಯ ಹೊಟ್ಟೆ ಕೊಯ್ದರು.

ವಿವಿಯನ್ ಏನಾದಳು? ಶಾಲೆಗೆ ಹೋದಳು. 1931ರಲ್ಲಿ ಅವಳ ಹೆಸರು ಚೆನ್ನಾಗಿ ಓದುವ ಮಕ್ಕಳ ಗೌರವ ಪಟ್ಟಿಯಲ್ಲಿ ಬಂತು. 1932ರಲ್ಲಿ, ಎಂಟು ವರ್ಷದವಳಿದ್ದಾಗ, ಕಾಯಿಲೆಯಿಂದ ಸತ್ತಳು.

ಅಮೆರಿಕದಲ್ಲಿ ಹೀಗೆ 60 ಸಾವಿರಕ್ಕೂ ಹೆಚ್ಚು ಜನರ ಸಂತಾನ ಕಳೆದರು, ಕ್ಯಾಲಿಫೋರ್ನಿಯಾ ಒಂದರಲ್ಲೇ ಸುಮಾರು 20 ಸಾವಿರ. 1933ರಲ್ಲಿ ಹಿಟ್ಲರನ ಸರ್ಕಾರ ಇದೇ ಮಾದರಿಯ ಕಾನೂನು ಮಾಡಿತು, ಅಲ್ಲಿ ಬಲಿಯಾದವರು ಸುಮಾರು ನಾಲ್ಕು ಲಕ್ಷ. ವರ್ಜೀನಿಯಾ ತನ್ನ ಕಾನೂನನ್ನು ತೆಗೆದದ್ದು 1974ರಲ್ಲಿ. ಅಲ್ಲಿನ ಗವರ್ನರ್ ಕ್ಷಮೆ ಕೇಳಿದ್ದು 2002ರಲ್ಲಿ. ಕ್ಯಾರಿ ಸತ್ತು ಎಷ್ಟೋ ವರ್ಷವಾಗಿತ್ತು.

ಈ ಗಾಳಿ ನಮ್ಮ ಕಡೆಗೂ ಬೀಸಿತು. ಮುಂಬೈ ಕರ್ನಾಟಕದಲ್ಲಿ ವಿ.ವಿ. ಕಾಮತ್ ಎಂಬ ಶಿಕ್ಷಣ ತಜ್ಞರು ಬಿನೆಯ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಆ ಮೇಲೆ ಅದೇ ಪುಸ್ತಕವಾಗಿಯೂ ಬಂತು. 'ಬಿನೆ–ಕಾಮತ್ ಪರೀಕ್ಷೆ' ಎಂಬ ಹೆಸರಿನಲ್ಲಿ ಈಗಲೂ ಬಳಕೆಯಲ್ಲಿದೆ. ಕಲಿಕೆಯಲ್ಲಿ ತೊಂದರೆಯಿರುವ ಮಗುವಿಗೆ ಸರ್ಟಿಫಿಕೇಟು, ಪಿಂಚಣಿ ಕೊಡಿಸಲು ಅಂಥ ಪರೀಕ್ಷೆ ಬೇಕಾಗುತ್ತದೆ, ಅದು ಬಿನೆಯ ಉದ್ದೇಶಕ್ಕೆ ಹತ್ತಿರದ ಕೆಲಸ. ಅದರ ಮೇಲೆ ನನ್ನ ತಕರಾರಿಲ್ಲ. ಅಳತೆಗೋಲು ಒಂದೇ ಆದರೂ ಕೈ ಬೇರೆಯಾದಾಗ ಕೆಲಸ ಬೇರೆಯಾಗುತ್ತದೆ.

ಮೈಸೂರಿನಲ್ಲಿ ಜಗಳ ನಡೆದದ್ದು ಐಕ್ಯೂ ಹೆಸರಿನಲ್ಲಲ್ಲ, 'ದಕ್ಷತೆ'ಯ ಹೆಸರಿನಲ್ಲಿ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ನೀತಿ ಹಿಡಿಸಲಿಲ್ಲ, ದಿವಾನಗಿರಿ ಬಿಟ್ಟರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಸಮಿತಿ 1919ರಲ್ಲಿ ಹೇಳಿತು. ದಕ್ಷತೆಯನ್ನು ಬರೀ ಪರೀಕ್ಷೆಯ ಅಂಕದಿಂದ ಅಳೆಯಬಾರದು, ಜನರ ಮೇಲಿನ ಅನುಕಂಪ, ಪ್ರಾಮಾಣಿಕತೆ, ಸಾಮಾನ್ಯ ತಿಳಿವಳಿಕೆಯೂ ಅಷ್ಟೇ ಮುಖ್ಯ ಎಂಬರ್ಥದ ಮಾತು ಆ ವರದಿಯಲ್ಲಿದೆ. ನೂರು ವರ್ಷ ಕಳೆದವು. ಊಟದ ಎಲೆಯ ಮುಂದೆ ನಾವು ಇನ್ನೂ ಅದೇ ವಾದದಲ್ಲಿ ಕೂತಿದ್ದೇವೆ.

ಜಾತಿಯೇ ಒಂದು ಸುಪ್ರಜನನ ವಿದ್ಯೆ, ನಮ್ಮ ಪೂರ್ವಜರು ರಕ್ತ ಶುದ್ಧವಾಗಿಡಲು ಮಾಡಿದ ಏರ್ಪಾಡು ಎಂದು ಹೇಳುವ ಪಂಡಿತರು ಆಗಲೇ ಇದ್ದರು. 1936ರಲ್ಲಿ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಅವರಿಗೆ ಉತ್ತರ ಕೊಟ್ಟರು. ಡಿ.ಆರ್. ಭಂಡಾರ್ಕರ್ ಅವರ ಸಂಶೋಧನೆಯನ್ನು ಮುಂದಿಟ್ಟು, ಬೆರಕೆಯಿಲ್ಲದ ಜಾತಿ ಈ ದೇಶದಲ್ಲಿ ಇಲ್ಲವೆಂದರು. ರಕ್ತಕ್ಕಾಗಿ ಮದುವೆ ತಡೆದಿರಿ ಸರಿ, ಜೊತೆಯಲ್ಲಿ ಕೂತು ಉಣ್ಣುವುದನ್ನು ಯಾಕೆ ತಡೆದಿರಿ, ಅನ್ನ ತಿಂದರೆ ರಕ್ತ ಬೆರೆಯುತ್ತದೆಯೇ ಎಂಬುದು ಅವರ ವಾದದ ತಿರುಳು. ಇಷ್ಟು ಶತಮಾನ ತಳಿ ಕಾಯ್ದು ನೀವು ಬೆಳೆಸಿದ್ದು ಎಂಥ ಜನರನ್ನು ಅಂತಲೂ ಕೇಳಿದರು. ರಿಸ್ಲಿ ಎಂಬ ಬ್ರಿಟಿಷ್ ಅಧಿಕಾರಿ ಜಾತಿ ಜಾತಿಯ ಮೂಗು ಅಳೆದು, ಮೂಗು ಚೂಪಾದಷ್ಟೂ ಜಾತಿ ಮೇಲು ಎಂದು ಸಾಧಿಸಲು ಹೊರಟಿದ್ದ. 1948ರ 'ಅಸ್ಪೃಶ್ಯರು' ಪುಸ್ತಕದಲ್ಲಿ ಬಾಬಾಸಾಹೇಬರು ಅಂಥ ಮೂಗಿನ ಅಂಕಿಗಳನ್ನೇ ಎತ್ತಿಕೊಂಡು, ಒಂದೇ ಪ್ರಾಂತದ ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗದವರೆಂದು ತೋರಿಸಿದರು. ಅಳತೆಯನ್ನು ಕಂಡು ಓಡಬಾರದು, ಕಿತ್ತುಕೊಂಡು ಓದಬೇಕು. ಅವರಿಂದ ನಾನು ಕಲಿತದ್ದು ಇದು.

*

ಯುದ್ಧ ಮುಗಿದ ಮೇಲೆ, ಹಿಟ್ಲರನ ಹೆಸರು ಅಂಟಿಕೊಂಡದ್ದರಿಂದ, ಸುಪ್ರಜನನ ಎಂಬ ಪದ ಬಾಗಿಲ ಹಿಂದೆ ಸೇರಿತು. ಲೆಕ್ಕ ಮಾತ್ರ ನಡೆಯುತ್ತಲೇ ಇತ್ತು. ಇಂಗ್ಲೆಂಡಿನಲ್ಲಿ ಹನ್ನೊಂದು ವರ್ಷದ ಮಕ್ಕಳಿಗೆ ಒಂದು ಪರೀಕ್ಷೆ ಕೊಟ್ಟು, ಗೆದ್ದ ಕೆಲವರನ್ನು ಒಳ್ಳೆಯ ಶಾಲೆಗೆ, ಉಳಿದ ಬಹುಪಾಲನ್ನು ಕೈಕೆಲಸದ ದಾರಿಗೆ ಕಳಿಸುವ ಪದ್ಧತಿ ಬಂತು. ಆ ವಿಚಾರಕ್ಕೆ ಬಲ ಕೊಟ್ಟವರಲ್ಲಿ ಸಿರಿಲ್ ಬರ್ಟ್ ದೊಡ್ಡವನು, 'ಸರ್' ಪದವಿ ಪಡೆದವನು. ಹುಟ್ಟಿದಾಗಲೇ ಬೇರೆ ಬೇರೆ ಮನೆ ಸೇರಿದ ಅವಳಿಗಳ ಬುದ್ಧಿ ಒಂದೇ ಥರ ಇರುತ್ತದೆ ಎಂದು ಅಂಕಿ ಕೊಟ್ಟ. 1955ರಲ್ಲಿ 21 ಜೋಡಿ, ಆಮೇಲೆ 30ಕ್ಕೂ ಹೆಚ್ಚು, 1966ರಲ್ಲಿ 53 ಜೋಡಿ. ಪ್ರತಿ ಸಲವೂ ಹೋಲಿಕೆಯ ಪ್ರಮಾಣ 0.771. ಜೋಡಿಗಳ ಸಂಖ್ಯೆ ಎರಡೂವರೆ ಪಟ್ಟಾದರೂ ಮೂರನೇ ದಶಾಂಶ ಕೂಡ ಅಲುಗಲಿಲ್ಲ! ನಮ್ಮ ಸೊಸೈಟಿ ಅಂಗಡಿಯವನೂ ಇಷ್ಟು ಧೈರ್ಯವಾಗಿ ತೂಕ ಬರೆಯಲಾರ. ಲಿಯಾನ್ ಕ್ಯಾಮಿನ್ 1974ರಲ್ಲಿ ಇದನ್ನು ಎತ್ತಿ ತೋರಿಸಿದ. 1976ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ವಂಚನೆಯ ಆರೋಪ ಬಂತು. 1979ರಲ್ಲಿ ಬರ್ಟ್‌ನನ್ನು ಮೆಚ್ಚಿಕೊಂಡೇ ಜೀವನಚರಿತ್ರೆ ಬರೆಯಲು ಕೂತ ಹರ್ನ್‌ಶಾ ಕೂಡ ಅಂಕಿಗಳು ಕಟ್ಟಿದವೆಂದು ಒಪ್ಪಬೇಕಾಯಿತು. ಬರ್ಟ್‌ನ ಪರ ವಾದಿಸುವವರು ಆಮೇಲೂ ಬಂದರು. ಅಷ್ಟರಲ್ಲಿ ಒಂದು ತಲೆಮಾರಿನ ಕೂಲಿಕಾರರ ಮಕ್ಕಳು ಹನ್ನೊಂದನೇ ವಯಸ್ಸಿಗೇ ಬದಿಗೆ ಸರಿದಾಗಿತ್ತು.

1969ರಲ್ಲಿ ಅಮೆರಿಕದ ಆರ್ಥರ್ ಜೆನ್ಸನ್, ಬಡಮಕ್ಕಳಿಗೆ ಸರ್ಕಾರ ಕೊಡುವ ಹೆಚ್ಚಿನ ಶಿಕ್ಷಣ ಸೋತಿದೆ, ಕರಿಯರ ಮತ್ತು ಬಿಳಿಯರ ಸರಾಸರಿ ಅಂಕದ ನಡುವಿನ ಅಂತರದಲ್ಲಿ ವಂಶದ ಪಾಲು ಇರಬಹುದು ಎಂದು ಬರೆದ. ಅದಕ್ಕೆ 1970ರಲ್ಲಿ ರಿಚರ್ಡ್ ಲೆವಾಂಟಿನ್ ಎಂಬ ಜೀವವಿಜ್ಞಾನಿ ಕೊಟ್ಟ ಉತ್ತರ ಬೀಜದ ಉದಾಹರಣೆ. ಅದನ್ನು ನಮ್ಮ ಹೊಲಕ್ಕೆ ತಂದು ಹೇಳುತ್ತೇನೆ, ಇದೊಂದನ್ನು ಚೆನ್ನಾಗಿ ನೆನಪಿಟ್ಟರೆ ಅರ್ಧ ವಾದ ಗೆದ್ದ ಹಾಗೆ.

ಒಂದು ಮೂಟೆಯಲ್ಲಿ ನಾನಾ ತಳಿಯ ರಾಗಿ ಬೆರೆತಿದೆ. ಕಣ್ಣು ಮುಚ್ಚಿ ಎರಡು ಬೊಗಸೆ ತೆಗೆಯಿರಿ. ಒಂದು ಬೊಗಸೆಯನ್ನು ಕೆರೆಯ ಕೆಳಗಿನ, ಗೊಬ್ಬರ ಹಾಕಿದ ತಾಕಿನಲ್ಲಿ ಬಿತ್ತಿ. ಇನ್ನೊಂದನ್ನು ಕಲ್ಲು ಮೊರಡಿಯಲ್ಲಿ ಬಿತ್ತಿ. ಕೆರೆ ತಾಕಿನೊಳಗೆ ಎಲ್ಲ ಪೈರಿಗೂ ಒಂದೇ ನೀರು, ಒಂದೇ ಗೊಬ್ಬರ. ಅಲ್ಲಿ ಒಂದು ಎತ್ತರ, ಒಂದು ಗಿಡ್ಡ ಇದ್ದರೆ ಅದು ತಳಿಯ ವ್ಯತ್ಯಾಸ. ಮೊರಡಿಯೊಳಗೂ ಹಾಗೆಯೇ. ಆದರೆ ಕೆರೆ ತಾಕಿನ ಸರಾಸರಿ ಎತ್ತರಕ್ಕೂ ಮೊರಡಿಯ ಸರಾಸರಿ ಎತ್ತರಕ್ಕೂ ಇರುವ ಅಂತರ? ಅದು ಪೂರ್ತಿ ನೆಲದ್ದು. ಒಂದು ಗುಂಪಿನ ಒಳಗೆ ವಂಶದ ಪಾಲು ಎಷ್ಟೇ ಇರಲಿ, ಎರಡು ಗುಂಪುಗಳ ನಡುವಿನ ಅಂತರ ವಂಶದ್ದೇ ಎಂದು ಅದರಿಂದ ಹೇಳಲು ಬರುವುದಿಲ್ಲ. ಮೊರಡಿಗೆ ತಳ್ಳಿದವರೇ ಬಂದು ಪೈರಿನ ತಳಿ ಸರಿಯಿಲ್ಲ ಅನ್ನುತ್ತಿದ್ದಾರೆ.

ನೆಲ ಬದಲಾದರೆ ಏನಾಗುತ್ತದೆ ಎಂಬುದಕ್ಕೂ ಅಂಕಿಗಳಿವೆ. ಜೇಮ್ಸ್ ಫ್ಲಿನ್ 1984ರಲ್ಲಿ ಲೆಕ್ಕ ಹಾಕಿ ತೋರಿಸಿದ: 1932ರಿಂದ 1978ರೊಳಗೆ ಅಮೆರಿಕನ್ನರ ಐಕ್ಯೂ ಸರಾಸರಿ ಸುಮಾರು 14 ಅಂಕ ಏರಿತ್ತು. ನಲವತ್ತಾರು ವರ್ಷದಲ್ಲಿ ಒಂದು ದೇಶದ ಜೀನುಗಳು ಬದಲಾಗುವುದಿಲ್ಲ. ಶಾಲೆ, ಊಟ, ಕೆಲಸದ ರೀತಿ ಬದಲಾಗಿದ್ದವು.

ಇಷ್ಟು ಹೇಳಿದ ಮೇಲೆ ನಮ್ಮ ಗೆಳೆಯರಿಗೂ ಒಂದು ಮಾತು. ಜೀನ್ ಅನ್ನೋದೆಲ್ಲ ಮೇಲ್ಜಾತಿಯವರ ಕಟ್ಟುಕಥೆ ಅಂತ ಸಭೆಗಳಲ್ಲಿ ಕೈ ಎತ್ತಿ ಹೇಳುವವರಿದ್ದಾರೆ. ಬೇಡ. ಸ್ಟಾಲಿನ್ನನ ರಷ್ಯಾದಲ್ಲಿ ಲೈಸೆಂಕೋ ಎಂಬಾತ ವಂಶವಾಹಿ ವಿಜ್ಞಾನವೇ ಬೂರ್ಜ್ವಾ ಮೋಸ ಎಂದ. 1948ರಲ್ಲಿ ಅದನ್ನು ಕಲಿಸುವುದನ್ನೇ ನಿಲ್ಲಿಸಿದರು. ಅದಕ್ಕೂ ಮೊದಲೇ, ಜಗತ್ತಿನ ಬೀಜಗಳನ್ನೆಲ್ಲ ಕೂಡಿಸಿದ್ದ ವವಿಲೋವ್ 1943ರಲ್ಲಿ ಜೈಲಿನಲ್ಲಿ ಸತ್ತಿದ್ದ. ಸುಳ್ಳಿಗೆ ಸುಳ್ಳೇ ಮದ್ದು ಅಂದುಕೊಂಡರೆ ಪೆಟ್ಟು ಬಡವನ ಹೊಲಕ್ಕೇ ಬೀಳುತ್ತದೆ. ಮೆದುಳೂ ಮೈಯ ಒಂದು ಅಂಗ. ಎತ್ತರದಲ್ಲಿ, ಬಣ್ಣದಲ್ಲಿ ಜೀನಿನ ಪಾಲು ಇರುವಂತೆ ಕಲಿಕೆಯಲ್ಲೂ ಏನೋ ಪಾಲಿದೆ. ಎಷ್ಟು, ಹೇಗೆ, ಯಾವ ದಾರಿಯಲ್ಲಿ ಎಂದು ಕೇಳೋಣ.

*

ನಮ್ಮ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಡಿಎನ್‌ಎ ಇದೆ. ಅಪ್ಪನಿಂದ ಬಂದ ಒಂದು ಪ್ರತಿ, ಅವ್ವನಿಂದ ಬಂದ ಒಂದು ಪ್ರತಿ. ಒಂದೊಂದರಲ್ಲೂ ಸುಮಾರು 300 ಕೋಟಿ ಅಕ್ಷರ. ಯಾರಾದರೂ ಇಬ್ಬರನ್ನು ಹೋಲಿಸಿದರೆ ಸಾವಿರಕ್ಕೆ ಒಂದು ಅಕ್ಷರದ ಹಾಗೆ ಬೇರೆ ಇರುತ್ತದೆ, ಮಿಕ್ಕದ್ದೆಲ್ಲ ಒಂದೇ. ಈ ಬೇರೆಯಾಗುವ ಜಾಗಗಳಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚಾಗಿ ಕಾಣುವ ಅಕ್ಷರಭೇದಗಳನ್ನು 'ಸಾಮಾನ್ಯ ಭೇದ'ಗಳೆನ್ನುತ್ತಾರೆ. ಇವು ರೋಗವಲ್ಲ, ಊನವಲ್ಲ. ಒಂದೇ ಪದವನ್ನು ಧಾರವಾಡದವರು ಒಂದು ಥರ, ಚಾಮರಾಜನಗರದವರು ಇನ್ನೊಂದು ಥರ ಆಡುವ ಹಾಗೆ.

ಬುದ್ಧಿಗೆ ದೊಡ್ಡ ಜೀನ್ ಒಂದು ಸಿಗುತ್ತದೆ ಎಂದು 1990ರ ದಶಕದಲ್ಲಿ ಬಹಳ ಹುಡುಕಿದರು. ಆಗಾಗ ಸಿಕ್ಕಿತು ಎಂದು ಪ್ರಕಟಣೆಯೂ ಬರುತ್ತಿತ್ತು. 2012ರಲ್ಲಿ ಷಾಬ್ರಿ ಮತ್ತು ಸಂಗಡಿಗರು ಅಂಥ ಹನ್ನೆರಡು ಭೇದಗಳನ್ನು ದೊಡ್ಡ ಗುಂಪುಗಳಲ್ಲಿ ಮತ್ತೆ ಪರೀಕ್ಷಿಸಿ, ಆ ಪ್ರಕಟಣೆಗಳಲ್ಲಿ ಬಹುಪಾಲು ಹುಸಿ ಇರಬೇಕೆಂದು ಬರೆದರು. ದೊಡ್ಡ ಜೀನ್ ಇಲ್ಲ. ಹಾಗಾದರೆ ಚಿಕ್ಕವು? ಚಿಕ್ಕವನ್ನು ಹುಡುಕಲು ಲಕ್ಷಾಂತರ ಜನ ಬೇಕು. ಲಕ್ಷಾಂತರ ಜನಕ್ಕೆ ಬುದ್ಧಿ ಪರೀಕ್ಷೆ ಕೊಡುವುದು ಕಷ್ಟ. ಆದ್ದರಿಂದ ಅವರು ಸುಲಭದ ದಾರಿ ಹಿಡಿದರು: ಎಷ್ಟು ವರ್ಷ ಓದಿದ್ದೀರಿ ಎಂದು ಕೇಳಿದರು. ಯಾವ ಫಾರಂ ತುಂಬಿದರೂ ಆ ಪ್ರಶ್ನೆ ಇದ್ದೇ ಇರುತ್ತದೆ. ಇಲ್ಲಿ ಗಮನವಿಡಿ. ಅವರು ಎಣಿಸಿದ್ದು ಶಾಲೆಯಲ್ಲಿ ಕಳೆದ ವರ್ಷಗಳನ್ನು.

2013ರಲ್ಲಿ 1,26,559 ಜನರನ್ನು ನೋಡಿ ಮೂರೇ ಮೂರು ಭೇದ ಹಿಡಿದರು. ಒಂದೊಂದರ ಬೆಲೆ ಸುಮಾರು ಒಂದು ತಿಂಗಳ ಓದು. 2018ರಲ್ಲಿ 11 ಲಕ್ಷ ಜನ, 1,271 ಭೇದ. ಒಂದರ ಬೆಲೆ ಎರಡು ವಾರಕ್ಕಿಂತ ಕಡಿಮೆ. 2022ರಲ್ಲಿ 30 ಲಕ್ಷ ಜನ, 3,952 ಭೇದ. ನಮ್ಮ ಯುವ ಮೇಷ್ಟ್ರು ಹೇಳಿದ ಸಾವಿರಾರು ಅಂದರೆ ಇವೇ. ಎಲ್ಲವನ್ನೂ ಕೂಡಿಸಿ ಒಬ್ಬೊಬ್ಬರಿಗೂ ಒಂದು ಅಂಕ ಕೊಟ್ಟರೆ, ಓದಿದ ವರ್ಷಗಳ ಏರುಪೇರಿನಲ್ಲಿ 12ರಿಂದ 16 ಪಾಲು ಆ ಅಂಕದ ಜೊತೆ ಹೊಂದುತ್ತದೆ. ನೂರಕ್ಕೆ ಹದಿನಾರು, ಅದೂ ಯುರೋಪು ಮೂಲದ ಜನರಲ್ಲಿ. ಬುದ್ಧಿ ಪರೀಕ್ಷೆಯನ್ನೇ ಇಟ್ಟುಕೊಂಡು 2018ರಲ್ಲಿ 2,69,867 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಡಿಎನ್‌ಎಯ 205 ಜಾಗಗಳು ಸಿಕ್ಕವು, ಅಂಕ ಹೊಂದಿದ್ದು ನೂರಕ್ಕೆ ಐದರಷ್ಟು. ಸಿಕ್ಕ ಜೀನುಗಳಲ್ಲಿ ಬಹಳಷ್ಟು ಮೆದುಳಿನಲ್ಲಿ, ಕೆಲವು ಮಗು ಹೊಟ್ಟೆಯಲ್ಲಿರುವಾಗಲೇ ಕೆಲಸ ಮಾಡುವಂಥವು. ಇದು ಸುಳ್ಳಲ್ಲ, ಒಪ್ಪಬೇಕು.

ಆದರೆ ಒಂದೇ ಮನೆಯ ಅಣ್ಣತಮ್ಮ ಅಕ್ಕತಂಗಿಯರನ್ನು ಹೋಲಿಸಿದಾಗ ಈ ಅಂಕದ ಬಲ ಸುಮಾರು ಅರ್ಧಕ್ಕೆ ಇಳಿಯಿತು. ಮನೆ ಒಂದೇ ಆದಾಗ ಯಾಕೆ ಇಳಿಯಬೇಕು? ಉತ್ತರದ ಒಂದು ಭಾಗ ಐಸ್‌ಲ್ಯಾಂಡಿನಿಂದ ಬಂತು. ಅಲ್ಲಿ 2018ರಲ್ಲಿ ಕಾಂಗ್ ಮತ್ತು ಸಂಗಡಿಗರು ಜಾಣ ಪ್ರಶ್ನೆಯೊಂದನ್ನು ಕೇಳಿದರು. ಅಪ್ಪ, ಅವ್ವ ತಮ್ಮ ಜೀನುಗಳಲ್ಲಿ ಅರ್ಧವನ್ನು ಮಗುವಿಗೆ ಕೊಡುತ್ತಾರೆ, ಅರ್ಧ ಅವರಲ್ಲೇ ಉಳಿಯುತ್ತದೆ. ಆ ಉಳಿದ ಅರ್ಧ ಮಗುವಿನ ಮೈಯಲ್ಲಿ ಇಲ್ಲವೇ ಇಲ್ಲ. ಅದಕ್ಕೂ ಮಗುವಿನ ಓದಿಗೂ ಸಂಬಂಧವಿದೆಯೇ? ಇತ್ತು! ಕೊಟ್ಟ ಜೀನುಗಳ ಪರಿಣಾಮದಲ್ಲಿ ನೂರಕ್ಕೆ ಸುಮಾರು ಮೂವತ್ತರಷ್ಟು, ಕೊಡದ ಜೀನುಗಳಿಗೂ ಇತ್ತು. ಮೈಯಲ್ಲಿಲ್ಲದ ಜೀನ್ ಮೆದುಳನ್ನು ಮುಟ್ಟಲಾರದು. ಅದು ಮುಟ್ಟಿದ್ದು ಮನೆಯ ಮೂಲಕ. ಅಪ್ಪ ಓದಿದ್ದರೆ ಮನೆಯಲ್ಲಿ ಪುಸ್ತಕ, ಸಂಬಳ, ಮಗಳ ಹೋಂವರ್ಕಿನ ಪಕ್ಕ ಕೂರುವ ಬಿಡುವು. ರಕ್ತದ ಲೆಕ್ಕ ಅಂತ ತೂಗಿದ ತಕ್ಕಡಿಯಲ್ಲಿ ಮನೆಯ ದೀಪವೂ ಕೂತಿತ್ತು.

ಬಡವರ ಮನೆಯಲ್ಲಿ? ಎರಿಕ್ ಟರ್ಕ್‌ಹೈಮರ್ 2003ರಲ್ಲಿ ಅಮೆರಿಕದ ಏಳು ವರ್ಷದ ಅವಳಿ ಮಕ್ಕಳನ್ನು ನೋಡಿ ಬರೆದದ್ದು ಇದು: ಅನುಕೂಲಸ್ಥರ ಮಕ್ಕಳಲ್ಲಿ ಐಕ್ಯೂ ವ್ಯತ್ಯಾಸಕ್ಕೆ ವಂಶದ ಪಾಲು ಹೆಚ್ಚು, ತೀರ ಬಡವರಲ್ಲಿ ಅದು ಸೊನ್ನೆಗೆ ಹತ್ತಿರ. ಪಶ್ಚಿಮ ಯುರೋಪಿನಲ್ಲಿ ಹುಡುಕಿದಾಗ ಈ ಭೇದ ಕಾಣಲಿಲ್ಲ, ಅಮೆರಿಕದಲ್ಲಿ ಮತ್ತೆ ಕಂಡಿತು. ಬಡವನ ಮಗುವಿಗೂ ಒಳ್ಳೆಯ ಶಾಲೆ, ಆಸ್ಪತ್ರೆ ಸಿಗುವ ದೇಶಗಳು ಅವು. ಕಾರಣ ಅದೇ ಇರಬಹುದೆಂದು ಸಂಶೋಧಕರೂ ಊಹಿಸಿದ್ದಾರೆ. ಮೊರಡಿಯಲ್ಲಿ ತಳಿಯ ಗುಣ ಹೊರಗೆ ಬರುವುದೇ ಇಲ್ಲ, ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ಆ 30 ಲಕ್ಷ ಜನರ ಅಧ್ಯಯನ ಯುರೋಪು ಮೂಲದವರದು. ಅದೇ ಅಂಕವನ್ನು ಆಫ್ರಿಕಾ ಮೂಲದ ಅಮೆರಿಕನ್ನರಿಗೆ ಹಾಕಿ ನೋಡಿದಾಗ ಅದರ ಬಲ ಕುಸಿದುಹೋಗುತ್ತದೆ. 2018ರ ಅಧ್ಯಯನದಲ್ಲಿ ಬಿಳಿಯರಲ್ಲಿ ನೂರಕ್ಕೆ 11ರಿಂದ 13 ಇದ್ದದ್ದು ಅವರಲ್ಲಿ 1.6ಕ್ಕೆ ಇಳಿಯಿತು. ಹಾಗಾಗಿ ಈ ಅಂಕಗಳಿಂದ ಜಾತಿ ಜಾತಿಯನ್ನು ಹೋಲಿಸಲು ಹೊರಡುವುದು ಮೈಸೂರು ಸೇರಿನಲ್ಲಿ ಬಟ್ಟೆ ಅಳೆದ ಹಾಗೆ.

ಸರಿ, ನಾಳೆ ಇಂಡಿಯಾದಲ್ಲೇ ಹತ್ತು ಲಕ್ಷ ಜನರ ಡಿಎನ್‌ಎ ತೆಗೆದು, ಎಷ್ಟು ವರ್ಷ ಓದಿದ್ದೀರಿ ಎಂದು ಕೇಳುತ್ತಾರೆ ಅನ್ನಿ. ಏನಾಗಬಹುದು? ಜಾತಿಯ ಪ್ರಾಣ ಇರುವುದು ಒಳಮದುವೆಯಲ್ಲಿ ಎಂದು ಅಂಬೇಡ್ಕರ್ 1916ರಲ್ಲಿ, ಕೊಲಂಬಿಯಾದಲ್ಲಿ ಓದುತ್ತಿದ್ದಾಗಲೇ ಬರೆದಿದ್ದರು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳೂ ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದ ಜನ ಎಲ್ಲರೊಡನೆ ಎಲ್ಲರೂ ಬೆರೆತರು, ಆಮೇಲೆ ಬೆರಕೆ ನಿಂತು ಒಳಮದುವೆ ಬಿಗಿಯಾಯಿತು ಎಂದು ಡಿಎನ್‌ಎಯಿಂದಲೇ ಓದಿತು. ಬೇಲಿ ಬಿದ್ದ ಮೇಲೆ ಒಂದೊಂದು ಜಾತಿಯಲ್ಲಿ ಕೆಲವು ಅಕ್ಷರಭೇದಗಳು ಆಕಸ್ಮಿಕವಾಗಿ ಹೆಚ್ಚಿದವು, ಕೆಲವು ಕಡಿಮೆಯಾದವು. ಅವು ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ. ಯಾವ ಬೇಲಿಯೊಳಗೆ ಹುಟ್ಟಿದೆ ಎಂಬ ಗುರುತು ಅಷ್ಟೆ.

ಶಾಲೆಯ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದೂ ಅದೇ ಬೇಲಿಯನ್ನು ನೋಡಿ ನಿರ್ಧಾರವಾಗಿತ್ತು. ಆದ್ದರಿಂದ ಈ ನಿರುಪದ್ರವಿ ಗುರುತುಗಳೆಲ್ಲ 'ಓದಿನ ಜೀನ್' ಆಗಿ ಕಂಪ್ಯೂಟರಿನಲ್ಲಿ ಎದ್ದು ಕೂರುತ್ತವೆ. ಕ್ರಿಸ್ಟೋಫರ್ ಜೆಂಕ್ಸ್ 1972ರಲ್ಲೇ ಹೇಳಿದ್ದ: ಕೆಂಪು ಕೂದಲಿನ ಮಕ್ಕಳನ್ನು ಶಾಲೆಗೆ ಸೇರಿಸದ ದೇಶವೊಂದಿದ್ದರೆ, ಅಲ್ಲಿ ಕೆಂಪು ಕೂದಲಿನ ಜೀನೇ ಅನಕ್ಷರತೆಯ ಜೀನ್ ಆಗಿ ಕಾಣುತ್ತದೆ. ಅವನು ಕಲ್ಪಿಸಿಕೊಂಡ ದೇಶದಲ್ಲಿ ನಾವು ಬದುಕಿ ಬಂದಿದ್ದೇವೆ. ಈ ಗೊಂದಲವನ್ನು ಕಳೆಯಲು ವಿಜ್ಞಾನಿಗಳ ಬಳಿ ಲೆಕ್ಕದ ಉಪಾಯಗಳಿವೆ. ಯುರೋಪಿನಂಥ ಕಡೆಯೂ ಅವು ಪೂರ್ತಿ ಕಳೆದಿಲ್ಲ ಎಂದು ಅಣ್ಣತಮ್ಮಂದಿರ ಲೆಕ್ಕವೇ ಹೇಳಿತು. ಎರಡು ಸಾವಿರ ವರ್ಷದ ಬೇಲಿಯ ದೇಶದಲ್ಲಿ ಎಷ್ಟು ಕಳೆದಾವು?

ಸುಪ್ರಜನನ ಹಳೇ ಕಥೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಕೆಲವು ಕಂಪನಿಗಳು ಪ್ರನಾಳದಲ್ಲಿ ಬೆಳೆಸಿದ ಭ್ರೂಣಗಳಿಗೆ ಬುದ್ಧಿಯ ಅಂಕ ಹಾಕಿ, ಚೆನ್ನಾದದ್ದನ್ನು ಆರಿಸಿಕೊಳ್ಳಿ ಎಂದು ದುಡ್ಡುಳ್ಳವರಿಗೆ ಮಾರುತ್ತಿವೆ. ಹತ್ತು ಭ್ರೂಣಗಳಲ್ಲಿ ಅಂಕ ಹೆಚ್ಚಿರುವುದನ್ನು ಆರಿಸಿದರೂ ಸಿಗುವ ಲಾಭ ಸರಾಸರಿ ಎರಡೂವರೆ ಐಕ್ಯೂ ಅಂಕ ಎಂದು 2019ರಲ್ಲಿ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ.

ಕೊನೆಗೆ ಜೀನೂ ಇಲ್ಲದ, ಡಿಎನ್‌ಎಯೂ ಬೇಡದ ಒಂದು ಪ್ರಯೋಗ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಇದನ್ನು ಮಾಡಿ 2006ರಲ್ಲಿ ಪ್ರಕಟಿಸಿದರು. ಮೇಲ್ಜಾತಿಯ 321 ಹುಡುಗರು, ಕೆಳಜಾತಿಯ 321 ಹುಡುಗರು, ಆರು ಏಳನೇ ತರಗತಿಯವರು. ಕಾಗದದ ಮೇಲಿನ ಸಿಕ್ಕುದಾರಿಯಲ್ಲಿ ಒಳಹೊಕ್ಕು ಹೊರಬರುವ ಆಟ, ಬಿಡಿಸಿದಷ್ಟು ಕಾಸು. ಯಾರ ಜಾತಿಯನ್ನೂ ಹೇಳದೆ ಆಡಿಸಿದಾಗ ಎರಡು ಗುಂಪೂ ಸರಿಸುಮಾರು ಒಂದೇ ಸಮ ಬಿಡಿಸಿದವು. ಆಮೇಲೆ ಬೇರೆ ತಂಡಗಳಲ್ಲಿ, ಆಟಕ್ಕೆ ಮೊದಲು ಒಬ್ಬೊಬ್ಬ ಹುಡುಗನ ಹೆಸರು, ಅಪ್ಪನ ಹೆಸರು, ಊರು, ಜಾತಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಕೆಳಜಾತಿಯ ಹುಡುಗರು ಬಿಡಿಸಿದ ಸಿಕ್ಕುಗಳು ಐದನೇ ಒಂದು ಪಾಲಿಗಿಂತಲೂ ಹೆಚ್ಚು ಕಡಿಮೆಯಾದವು. ಅದೇ ತಲೆ, ಅದೇ ರಕ್ತ, ಅದೇ ಜೀನ್.

ನಾನು ಓದಿದ ಶಾಲೆಯಲ್ಲಿ ಸ್ಕಾಲರ್‌ಷಿಪ್ ಫಾರಂ ಬಂದ ದಿನ, "ಎಸ್ಸಿ ಹುಡುಗ್ರೆಲ್ಲ ಎದ್ದು ನಿಂತ್ಕಳಿ" ಅನ್ನುತ್ತಿದ್ದರು. ಎದ್ದು ನಿಲ್ಲುತ್ತಿದ್ದೆವು. ಒಂದು ಸಲ ಹಾಗೆ ನಿಂತು ಕೂತ ಮೇಲೆ ಗಣಿತದ ಪೀರಿಯಡ್ಡು. ಹದಿಮೂರರ ಮಗ್ಗಿ ಹೇಳು ಅಂದರು. ಹದಿಮೂರು ನಾಲ್ಕಲಿ ಐವತ್ತೆರಡರ ತನಕ ಬಂದೆ, ಮುಂದಕ್ಕೆ ನಾಲಿಗೆ ಏಳಲಿಲ್ಲ. ಅವತ್ತು ಬೆಳಿಗ್ಗೆ ಒಲೆ ಮುಂದೆ ಕೂತು ಅವ್ವನಿಗೆ ಇಪ್ಪತ್ತರ ಮಗ್ಗಿಯ ತನಕ ಒಪ್ಪಿಸಿ ಬಂದಿದ್ದೆ. ಅವ್ವನಿಗೆ ಓದು ಬರುತ್ತಿರಲಿಲ್ಲ, ಆದರೂ ಎಲ್ಲಿ ತಪ್ಪಿದರೂ ಹಿಡಿಯುತ್ತಿದ್ದಳು.